ಅವರದು ಬರೀ ಹರಳು

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಆರೂಕಾಲಿಗೆ ನಮ್ಮ ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ಕೆಂಪು ನೀರು ನಿಂತಿತ್ತು. ಒಲೆಯ ಮೇಲೆ ಹಾಲಿಟ್ಟು, ಗಡಿಯಾರ ನೋಡಿ ಮುಖ ತೊಳೆಯಲು ಹೋಗಿದ್ದೆ. ಅದಕ್ಕೇ ಆ ಹೊತ್ತು ತಲೆಯಿಂದ ಹೋಗಿಲ್ಲ.

ಬೆಟಗೇರಿಯ ನಮ್ಮ ಓಣಿಯಲ್ಲಿ ಬಚ್ಚಲಿನ ಕೆಂಪಿಗೆ ಯಾರೂ ಬೆಚ್ಚುವುದಿಲ್ಲ. ನನ್ನ ಗಂಡ ಸೀರೆಯ ನೂಲಿಗೆ ಬಣ್ಣ ಹಾಕುವವರು. ಮೊಣಕೈವರೆಗೆ ಯಾವುದಾದರೊಂದು ಬಣ್ಣ ಇದ್ದೇ ಇರುತ್ತದೆ. ಕೈ ತೊಳೆದರೆ ಒಂದು ದಿನ ಹಸಿರು ನೀರು, ಒಂದು ದಿನ ಕುಂಕುಮದ ನೀರು. ಆದರೆ ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಡೆಯುವುದಿಲ್ಲ, ಬಣ್ಣದ ಒಲೆಯನ್ನೂ ಹಚ್ಚುವುದಿಲ್ಲ. ಹಿಂದಿನ ದಿನವೆಲ್ಲ ಅವರು ಹೋಳಿಗೆ ಉಂಡು ಮಲಗಿದ್ದರು.

"ಇದೇನ್ರಿ ಕೆಂಪು?"

"ಬಣ್ಣ ಇರಬೇಕು. ಕೈ ತೊಳಕೊಂಡೆ."

"ನಿನ್ನೆ ಒಲಿನಽ ಹಚ್ಚಿಲ್ಲಲ್ರಿ."

ಟವೆಲ್ಲಿನಿಂದ ಮುಖ ಒರೆಸುತ್ತಿದ್ದವರು ಹಾಗೆಯೇ ನಿಂತರು. "ಹೋದ ವಾರನೂ ಹಿಂಗಽ ಆಗಿತ್ತು. ನಾನೂ ಬಣ್ಣ ಅಂತಽ ತಿಳ್ಕೊಂಡೆ. ಉಚ್ಚಿಗೆ ಹೋದಾಗ ನೋವಿಲ್ಲ, ಉರಿ ಇಲ್ಲ. ಉಷ್ಣ ಆಗಿರ್ತೈತಿ, ಒಂದ್ ಲೋಟ ಕೊತ್ತಂಬರಿ ಬೀಜದ ನೀರ ಕೊಡು, ಆತು."

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ನಾನು ಕೊತ್ತಂಬರಿ ಬೀಜ ನೆನೆಹಾಕಲಿಲ್ಲ. ಆಟೋ ಕರೆದೆ.

ಅಲ್ಲಿಯವರೆಗೂ ಇಂಥದ್ದು ನಮಗೊಬ್ಬರಿಗೇ ಬಂದದ್ದು ಅಂದುಕೊಂಡಿದ್ದೆ. ಗದಗಿನ ಆ ಆಸ್ಪತ್ರೆಯ ಮೂತ್ರರೋಗದ ವಿಭಾಗಕ್ಕೆ ಹೋದರೆ, ಬೆಂಚಿನ ಮೇಲೆ ಕೂತವರಲ್ಲಿ ಬಹಳ ಮಂದಿ ಅದೇ ಕೆಂಪು ನೋಡಿ ಬಂದವರು. ಮುಂಡರಗಿಯ ಮುದುಕರೊಬ್ಬರು, ಶಿರಹಟ್ಟಿಯಿಂದ ತಾಯಿಯ ಜೊತೆ ಬಂದ ಕಾಲೇಜು ಹುಡುಗಿ. ಚೀಟಿ ಬರೆಯುತ್ತಿದ್ದ ನರ್ಸು ನಮ್ಮ ಮಾತು ಕೇಳಿ ತಲೆ ಎತ್ತಲೂ ಇಲ್ಲ. "ಕೆಂಪ ಕಂಡು ಓಡಿ ಬರೋರದು ಚಿಂತಿ ಇಲ್ರಿ. ಉಷ್ಣ ಅಂತ ಮನ್ಯಾಗ ಕುಂಡರ್ತಾರಲ್ಲ, ಅವರದಽ ಫಜೀತಿ" ಎಂದಳು. ನನ್ನ ಗಂಡ ಗೋಡೆಯ ಕಡೆ ನೋಡಿದರು.

ಅಂದೇ ಸೇರಿಸಿಕೊಂಡರು. ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚದಲ್ಲಿ ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯವರೊಬ್ಬರಿದ್ದರು. ಅವರದೂ ಕೆಂಪೇ. ಆದರೆ ಸೊಂಟ ಹಿಡಿದುಕೊಂಡು "ಸತ್ನೆವ್ವೋ" ಎಂದು ಹೊರಳಾಡುತ್ತಿದ್ದರು. ಅವರ ಹೆಂಡತಿ ನನ್ನ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಹೇಳಿದಳು: "ನೋಡ್ರಿ ಅಕ್ಕಾರ, ನಿಮ್ಮವರು ಪೇಪರ ಓದಾಕತ್ತಾರ, ನಮ್ಮವರು ಮಂಚ ಮುರಿಯಾಕತ್ತಾರ. ಪುಣ್ಯಾ ಮಾಡೀರಿ ನೀವು."

ಖರೆ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ಆಕೆಯ ರೊಟ್ಟಿ ರುಚಿ ಹತ್ತಿತು.

ಡಾಕ್ಟರು ಬಂದು, ನೋವಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲವೆಂದಷ್ಟೂ ಅವರ ಮುಖ ಬಿಗಿಯಾಯಿತು. "ನೋವಿಲ್ಲದ ರಕ್ತ ಬಂದ್ರ ನಾವು ಹೆಚ್ಚು ಹುಡುಕಬೇಕಾಗ್ತದ. ಕೆಲಸ ಏನು?"

"ನೂಲಿಗೆ ಬಣ್ಣ ಹಾಕ್ತೀನ್ರಿ."

ಡಾಕ್ಟರ ಪೆನ್ನು ನಿಂತಿತು. "ಬೀಡಿ?"

"ಒಮ್ಮೊಮ್ಮೆ ರೀ."

"ಒಮ್ಮೊಮ್ಮೆ ಅಲ್ರಿ ಸರ, ಕಟ್ಟಗಟ್ಟಲೆ" ಎಂದೆ.

ಸಂಜೆಯ ಹೊತ್ತಿಗೆ ಇಬ್ಬರ ಸ್ಕ್ಯಾನಿಂಗೂ ಆಗಿತ್ತು. ಪಕ್ಕದ ಮಂಚದವರದು ಮೂತ್ರನಾಳದಲ್ಲಿ ಸಿಕ್ಕಿಕೊಂಡ ಹರಳು. ನಮ್ಮದು ಮೂತ್ರಚೀಲದ ಒಳಗೋಡೆಯಲ್ಲಿ ಒಂದು ಸಣ್ಣ ಗಂಟು.

ಅಂಗಡಿಯವರ ಹೆಂಡತಿ ಕಿಟಕಿಯ ಬಳಿ ನಿಂತು ಊರಿಗೆಲ್ಲ ಫೋನು ಹಚ್ಚಿದಳು. "ಬರೇ ಹರಳಂತವ್ವಾ! ಹೂಂ, ಬರೇ ಹರಳು!" ಆ 'ಬರೇ' ಎಷ್ಟು ಸಲ ಬಂತೆಂದು ನಾನು ಎಣಿಸುತ್ತ ಕೂತೆ. ಬಿ.ಎಸ್ಸಿ. ಓದಿದವಳು ನಾನು, ಒಬ್ಬರ ಹರಳು ಇನ್ನೊಬ್ಬರ ಪಾಲಿನದಲ್ಲ ಎಂದು ಗೊತ್ತಿಲ್ಲದೆ ಇಲ್ಲ. ಆದರೂ ಅದನ್ನು ನಮ್ಮಿಂದಲೇ ಕಸಿದುಕೊಂಡರು ಎನ್ನಿಸುತ್ತಿತ್ತು. ಆ ಮನುಷ್ಯ ನರಳಿದರೆ ಅದರ ಮೇಲೂ ಹೊಟ್ಟೆಕಿಚ್ಚು. ಇವರೂ ಒಂದು ಸಲ ಹಾಗೆ ಚೀರಬಾರದೇ ಎಂದು ಪೇಪರು ಓದುತ್ತಿದ್ದ ನನ್ನ ಗಂಡನನ್ನು ನೋಡುತ್ತ ಕೂರುತ್ತಿದ್ದೆ.

ಹರಳು ತೆಗೆದ ಮೇಲೆ ಆಕೆ ಅದನ್ನು ಸಣ್ಣ ಬಾಟಲಿಯಲ್ಲಿ ಹಾಕಿಸಿಕೊಂಡು ಮಂಚದಿಂದ ಮಂಚಕ್ಕೆ ತೋರಿಸಿದಳು. ನನ್ನ ಅಂಗೈ ಮೇಲೂ ಇಟ್ಟಳು. "ಜ್ವಾಳದ ಕಾಳಿನಷ್ಟೂ ಇಲ್ಲ ನೋಡ್ರಿ. ಇದಽ ಆನಿಯಂಥಾ ಗಂಡಸನ್ನ ಕೆಡವಿತ್ತು!" ನಾನು ಥಟ್ಟನೆ ಹೊಳ್ಳಿ ಕೊಟ್ಟೆ. ನಮ್ಮ ಗಂಟನ್ನೂ ಮೂತ್ರದ ದಾರಿಯಿಂದಲೇ ಯಂತ್ರ ಇಳಿಸಿ ಕೆರೆದು ತೆಗೆದರು. ಅದೂ ಒಂದು ಬಾಟಲಿಗೆ ಬಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ, ಪರೀಕ್ಷೆಗೆ ಕಳಿಸಿದರು.

ಅವರು ಊರಿಗೆ ಹೊರಟಾಗ ಕಿಟಕಿಯಿಂದ ನೋಡಿದೆ. ಆ ಮನುಷ್ಯ ತನ್ನ ಚೀಲ ತಾನೇ ಹೊತ್ತು, ಬಾಳೆಹಣ್ಣು ಸುಲಿದು ತಿನ್ನುತ್ತ ಗೇಟು ದಾಟಿದ. ಅವನು ತಿನ್ನುತ್ತಿದ್ದ ಬಾಳೆಹಣ್ಣಿನ ಮೇಲೂ ನನಗೆ ಸಿಟ್ಟು ಬಂತು.

ನಮ್ಮ ರಿಪೋರ್ಟು ಬಂತು. ಕ್ಯಾನ್ಸರೇ. ಆದರೆ ಮೇಲಿನ ಪದರದಲ್ಲಷ್ಟೇ ಇದೆ, ಒಳಗೆ ಇಳಿದಿಲ್ಲ. ಮತ್ತೆ ಬರಬಹುದು, ಆದ್ದರಿಂದ ಆಗಾಗ ಯಂತ್ರ ಇಳಿಸಿ ನೋಡುತ್ತಿರಬೇಕು ಎಂದರು. ಇವತ್ತಿಗೂ ಬಟ್ಟೆ ಒಗೆಯುವಾಗ, ಓಣಿಯ ಹುಡುಗರಿಗೆ ಪಾಠ ಹೇಳುವಾಗ ಆ ಬೆಳಗು ಕಣ್ಣ ಮುಂದೆ ಬರುತ್ತದೆ. ಹಿಂದಿನ ದಿನ ಅಮಾವಾಸ್ಯೆ ಇರದಿದ್ದರೆ? ಬಣ್ಣವೆಂದುಕೊಂಡು ಒಂದು ತಂಬಿಗೆ ನೀರು ಸುರಿದು ಹಾಲಿನ ಕಡೆ ಓಡುತ್ತಿದ್ದೆ.

ಮನೆಗೆ ಬಂದ ಮೇಲೆ ನಾನೊಂದು ಕಟ್ಟಳೆ ಮಾಡಿದೆ. ಬಣ್ಣದ ಕೈಯನ್ನು ಶೆಡ್ಡಿನಲ್ಲೇ ತೊಳೆಯಬೇಕು, ಬಚ್ಚಲಿಗೆ ತರಕೂಡದು. ಬಚ್ಚಲಿನಲ್ಲಿ ಕೆಂಪು ಕಂಡರೆ ಅದು ರಕ್ತ ಒಂದೇ ಆಗಿರಬೇಕು. ಬೀಟ್‌ರೂಟ್ ತರುವುದನ್ನೂ ಬಿಟ್ಟೆ, ತಿಂದರೆ ಮೂತ್ರ ಕೆಂಪಾಗುತ್ತದೆಂದು. ಬಣ್ಣ, ಬೀಡಿ ಎರಡೂ ಮೂತ್ರಚೀಲಕ್ಕೆ ಆಗಿಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ ಅವರು ಬೀಡಿ ಬಿಟ್ಟರು, ಕೈಗೆ ರಬ್ಬರಿನ ಗವಸು ಹಾಕಿದರು. ಆದರೆ ನಿದ್ದೆ? ಅವರು ರಾತ್ರಿ ಪದೇ ಪದೇ ಏಳುತ್ತಿದ್ದರು, ನಾನು ಹಿಂದೆಯೇ ಹೋಗಿ ದೀಪ ಹಾಕಿ ಬಣ್ಣ ನೋಡುತ್ತಿದ್ದೆ.

"ಲೇ, ಪೊಲೀಸರಗತೆ ಬೆನ್ನ ಹತ್ತಬ್ಯಾಡ. ನೀ ನಿಂತ್ರ ಬರೂದಽ ಇಲ್ಲ."

"ಬರ್ಲಿಲ್ಲಂದ್ರ ನಿಲ್ರಿ. ನಾ ಹೋಗಂಗಿಲ್ಲ."

ಮೊದಲ ಮರುಪರೀಕ್ಷೆಗೆ ಹೋದ ದಿನ ಅದೇ ಬೆಂಚಿನ ಮೇಲೆ ಆ ಲಕ್ಷ್ಮೇಶ್ವರದಾಕೆ ಕೂತಿದ್ದಳು. ಗಂಡ ಪಕ್ಕದಲ್ಲಿ ಬಾಗಿ ಕೂತಿದ್ದ. "ಮತ್ತ ಹರಳ್ರಿ ಅಕ್ಕಾರ. ನೀರ ಕುಡೀರಿ ಅಂದ್ರ ಅಂಗಡಿ ಗಲ್ಲಾ ಬಿಟ್ಟು ಏಳಂಗಿಲ್ಲ ಈ ಮನುಷ್ಯಾ."

ಒಳಗೆ ನನ್ನ ಗಂಡನಿಗೆ ಯಂತ್ರ ಇಳಿಸಿದ್ದರು. ಹೊರಗೆ ನಾನು ಕೂತು, ಮತ್ತೆ ಹರಳೇ ಬಂತಲ್ಲ ಇವರಿಗೆ ಎಂದು ಮತ್ತೆ ಕರುಬಿದೆ.

ಬಾಗಿಲು ತೆರೆಯಿತು. ಡಾಕ್ಟರು, "ಸ್ವಚ್ಛ ಐತಿ. ಏನೂ ಇಲ್ಲ. ಮೂರು ತಿಂಗಳ ಬಿಟ್ಟು ಬರ್ರಿ" ಎಂದರು. ಹಿಂದೆಯೇ ನನ್ನ ಗಂಡ ಲುಂಗಿ ಸರಿಮಾಡಿಕೊಳ್ಳುತ್ತ ನೆಟ್ಟಗೆ ನಡೆದು ಬಂದರು.

"ಏನಂದ್ರು?" ಎಂದು ಆಕೆ ಕೇಳಿದಳು.

"ಏನೂ ಇಲ್ಲಂತ್ರಿ."

ಆಕೆ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ತನ್ನ ಬಾಗಿದ ಗಂಡನನ್ನು. "ಪುಣ್ಯಾ ಮಾಡೀರಿ ಅಂತ ನಾ ಅವತ್ತಽ ಹೇಳಿದ್ದೆ" ಎಂದಳು. ಈ ಸಲ ರೊಟ್ಟಿಯ ಡಬ್ಬಿ ತೆಗೆಯಲಿಲ್ಲ. ಆ ದನಿಯಲ್ಲಿದ್ದದ್ದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆ ಮುಟ್ಟುವವರೆಗೂ ಅದನ್ನೇ ಚಪ್ಪರಿಸುತ್ತ ಬಂದೆ.

ಮರುದಿನ ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಪಕ್ಕದ ಮನೆಯಲ್ಲಿ ಮಗ್ಗ ಆಗಲೇ ಬಡಿಯುತ್ತಿತ್ತು.

"ರಾತ್ರಿ ಎಷ್ಟ್ ಸಲ ಎದ್ದಿದ್ರಿ?" ಗಾಬರಿಯಿಂದ ಕೇಳಿದೆ.

"ಒಮ್ಮೆನೂ ಇಲ್ಲ. ನೀ ಎಬ್ಬಿಸಿದ್ರ ಏಳ್ತಿದ್ದೆ" ಎಂದು ಅವರು ಮಗ್ಗುಲು ಹೊರಳಿದರು.

ಹೋಗಿ ನೋಡಿದೆ. ಬಚ್ಚಲು ಒಣಗಿತ್ತು.