ಕೊರಳಿನ ಚೀಟಿ

ನನ್ನ ಗಂಡ ತೀರಿಹೋಗುವ ಹಿಂದಿನ ವರ್ಷ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗ, ಅಲ್ಲಿನ ರೈಲು ನಿಲ್ದಾಣದ ಹೊರಗಿದ್ದ ಒಂದು ಸ್ಮಾರಕದ ಫೋಟೋ ಕಳಿಸಿದ್ದರು. ಪೆಟ್ಟಿಗೆಗಳ ಜೊತೆ ನಿಂತ ಕಂಚಿನ ಮಕ್ಕಳು. ಎರಡನೇ ಮಹಾಯುದ್ಧಕ್ಕೆ ಮುಂಚೆ, ನಾಜಿಗಳ ಕೈಗೆ ಸಿಗದಿರಲೆಂದು ಯಹೂದಿ ತಂದೆತಾಯಿಗಳು ಒಂಟಿಯಾಗಿ ಇಂಗ್ಲೆಂಡಿಗೆ ರೈಲು ಹತ್ತಿಸಿದ ಮಕ್ಕಳ ನೆನಪಿಗೆ ಅದನ್ನು ನಿಲ್ಲಿಸಿದ್ದಾರಂತೆ. ಮಕ್ಕಳು ಉಳಿದರು. ಹೆಚ್ಚಿನವರಿಗೆ ತಂದೆತಾಯಿ ಮತ್ತೆ ಸಿಗಲಿಲ್ಲ.

ನಾನು ಕೆಲಸಕ್ಕಿರುವ ಕತಾರಿನಲ್ಲಿ, ದೋಹಾದ ಆಕಾಶದಲ್ಲಿ ಕ್ಷಿಪಣಿ ಸ್ಫೋಟದ ಸದ್ದು ಕೇಳಿದ ಮರುದಿನ ತಮ್ಮ ಉಡುಪಿಯಿಂದ ಫೋನ್ ಮಾಡಿದ. "ನಿನಗೆ ರಜೆ ಸಿಗದಿದ್ರೆ ಬೇಡ ಅಕ್ಕ, ಮಗುವನ್ನಾದ್ರೂ ಕಳಿಸು." ದೋಹಾದ ಪಕ್ಕದ ಅಲ್ ವಕ್ರಾದಲ್ಲಿರುವ ನಮ್ಮ ಮನೆಯ ಕಿಟಕಿಗಳು ನಡುಗಿದ್ದನ್ನು ನೆನೆದು ಒಪ್ಪಿದೆ.

ವಿಮಾನ ನಿಲ್ದಾಣದಲ್ಲಿ ಸಿಬ್ಬಂದಿಯೊಬ್ಬಳು ಒಂಬತ್ತು ವರ್ಷದ ಮಗಳ ಕೊರಳಿಗೆ ಹೆಸರಿನ ಚೀಟಿ ಹಾಕಿದಳು. ಕಂಚಿನ ಮಕ್ಕಳ ಕೊರಳಲ್ಲೂ ಚೀಟಿ ಇತ್ತು.

"ಮಮ್ಮಿ, ಡ್ಯಾಡಿ ಕಳಿಸಿದ ಫೋಟೋದ ಹುಡುಗಿ ಹಾಗೇ ಕಾಣ್ತೇನಲ್ಲ?" ಎಂದಳು ಮಗಳು. "ಅವಳ ಮಮ್ಮಿ ಎಂತಕ್ಕೆ ಫೋಟೋದಲ್ಲಿ ಇಲ್ಲ?"

"ರೈಲು ಹತ್ತಿಸಿ ಮನೆಗೆ ಹೋಗಿರ್ಬೇಕು."

"ನೀನು ಹೋಗ್ಬೇಡ. ಮಾಮ ಫೋನ್ ಮಾಡುವ ತನಕ ಇಲ್ಲೇ ಇರು."

ಹಾಗೇ ಕುಳಿತಿದ್ದೆ. ಎಷ್ಟೋ ಗಂಟೆಗಳ ನಂತರ ಫೋನಿನಲ್ಲಿ ತಮ್ಮನ ದನಿ ಕೇಳಿತು. "ಬಂದ್ಲು ಅಕ್ಕ. ಹಸಿವಂತೆ."

ಮನೆಗೆ ಬಂದು ನನ್ನ ಮಂಚವನ್ನು ಕಿಟಕಿಯಿಂದ ದೂರ ಎಳೆದೆ. ಅವಳು ಮರಳಿ ಬರುವಾಗ ನಾನಿರಬೇಕಲ್ಲ.