ಅಟ್ಟಕ್ಕೆ ಬಂದ ಸಮುದ್ರ

ನಾನು ಸಮುದ್ರವನ್ನು ಕಣ್ಣಾರೆ ಕಂಡದ್ದು ನಿವೃತ್ತನಾಗುವ ಹಿಂದಿನ ವರ್ಷ. ಅದಕ್ಕೆ ಮೊದಲು ಇಪ್ಪತ್ತೈದು ವರ್ಷ ತುರುವೇಕೆರೆಯ ಹೈಸ್ಕೂಲಿನಲ್ಲಿ ಬಿಸಿ ಪ್ರವಾಹಕ್ಕೆ ಕೆಂಪು, ತಣ್ಣನೆಯದಕ್ಕೆ ನೀಲಿ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ಅಷ್ಟೂ ಸಾಗರಗಳನ್ನು ಹರಿಸಿದ್ದೆ. ನಾನು ಬಾಣ ಹಾಕಿದ ಕಡೆಗೇ ನೀರು ಹರಿಯುತ್ತದೆ ಎಂಬ ಭ್ರಮೆ ಯಾವಾಗ ಹತ್ತಿಕೊಂಡಿತೋ ಗೊತ್ತಿಲ್ಲ.

ತೊಂಬತ್ತೇಳರಲ್ಲಿ ಪತ್ರಿಕೆಗಳ ತುಂಬ ಎಲ್ ನಿನೋ. ಪೆರು ದೇಶದ ಕಡಲು ಬಿಸಿಯಾದರೆ ಗಾಳಿ ದಿಕ್ಕುಗೆಟ್ಟು ನಮ್ಮ ಮುಂಗಾರು ಕೈಕೊಡಬಹುದು ಎಂದು ಬರೆದಿದ್ದರು. ಕೊಟ್ಟೇ ಕೊಡುತ್ತದೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಪೆಸಿಫಿಕ್ಕಿನ ಖಾಸಾ ನೆಂಟನ ಹಾಗೆ ಓಡಾಡಿದೆ.

ಅಡುಗೆಮನೆಯ ಒಲೆಯ ಮೇಲಿನ ನಮ್ಮ ಅಟ್ಟದಲ್ಲಿ ಆಗ ಹೆಂಡತಿ ಕಮಲ ತಾನೇ ನೀರು ಹೊತ್ತು ಬೆಳೆಸಿದ ತೆಂಗಿನ ಮರಗಳ ಮೊದಲ ಕಾಯಿಗಳಿದ್ದವು. ಸಿಪ್ಪೆಯೊಳಗೇ ವರ್ಷವಿಡೀ ಒಣಗಿ ಅವು ಕೊಬ್ಬರಿಯಾಗಬೇಕು, ಸೀಮಂತದಲ್ಲಿ ಮಗಳ ಮಡಿಲಿಗೆ ಅದೇ ಕೊಬ್ಬರಿ ಹಾಕಬೇಕು ಎಂದು ಅವಳ ಆಸೆ. ಆಗಾಗ ಏಣಿ ಹತ್ತಿ ಒಂದೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಇನ್ನೂ ನೀರು ಅಂತ ಇಳಿದುಬರುತ್ತಿದ್ದಳು.

ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಲು ರಂಗಪ್ಪ ಎಂದಿನಂತೆ ಬಂದ. ನಾನು ಅವನನ್ನು ಜಗಲಿಯಲ್ಲಿ ಕೂರಿಸಿ, ಗ್ಲೋಬು ತಿರುಗಿಸಿ ಪೆರು ತೋರಿಸಿದೆ. ಈ ವರ್ಷ ಮಳೆಯೇ ಇಲ್ಲ, ಹೆಂಚಿನ ತಂಟೆ ಯಾಕೆ ಎಂದೆ. ಅವನು ಸಾವಧಾನವಾಗಿ ಕೇಳಿದ.

"ಪೆರು ಗಿರು ನಂಗೊತ್ತಿಲ್ಲ ಮೇಷ್ಟ್ರೇ. ಒಲೆ ಮ್ಯಾಲಿನ್ ಮೂರು ಹೆಂಚು ಒಡ್ದವೆ ಕಣ್ರೀ."

ಕಮಲಳೂ ಅವನ ಪರವೇ ವಾದಿಸಿದಳು. ಭೂಗೋಳ ಓದಿದವನು ನಾನೊಬ್ಬನೇ ಆದ್ದರಿಂದ ರಂಗಪ್ಪ ಕಾಫಿ ಕುಡಿದು ವಾಪಸಾದ.

ಮುಂಗಾರು ಕೈಕೊಡಲಿಲ್ಲ. ಉತ್ತರೆ ಮಳೆಯಂತೂ ಹಿಡಿದದ್ದು ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಮಲ ಅಟ್ಟದಿಂದ ಇಳಿದು, ಹಸಿರು ಮೊಳಕೆ ಬಂದ ತೆಂಗಿನಕಾಯೊಂದನ್ನು ತಂದು ಗ್ಲೋಬಿನ ಪಕ್ಕದಲ್ಲಿಟ್ಟಳು.

"ನಿಮ್ಮ ಸಮುದ್ರ ನಮ್ಮಟ್ಟಕ್ಕೇ ಬಂದೈತೆ. ಹೋಗಿ ನೋಡ್ಕಂಬನ್ನಿ."

ಹತ್ತಿ ನೋಡಿದೆ. ಅರ್ಧ ಕೊಳೆತಿದ್ದವು, ಉಳಿದವು ಮೊಳೆತಿದ್ದವು. ಮಗಳ ಮಡಿಲಿಗೆ ಬಿದ್ದದ್ದು ಪಕ್ಕದ ಮನೆಯವರು ಕೊಟ್ಟ ಕೊಬ್ಬರಿ. ಕಮಲ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಮೇಲೆ ತಿಳಿದವರು ಬರೆದದ್ದನ್ನು ಓದಿದೆ. ಆ ವರ್ಷ ನಮ್ಮದೇ ಹಿಂದೂ ಮಹಾಸಾಗರದ ಪಡುವಣ ಭಾಗವೂ ಬಿಸಿಯಾಗಿತ್ತಂತೆ. ದೂರದ ಕಡಲು ತಡೆಯಹೊರಟ ಮಳೆಯನ್ನು ಪಕ್ಕದ ಕಡಲು ಕಾಪಾಡಿತಂತೆ. ಅರ್ಧ ಭೂಮಿ ದಾಟಿ ವಿಚಾರಿಸಿಕೊಂಡು ಬಂದವನು ಪಕ್ಕದವರನ್ನೊಂದು ಮಾತು ಕೇಳಿರಲಿಲ್ಲ. ತಲೆಯ ಮೇಲಿನ ಮೂರು ಹೆಂಚಂತೂ ಯಾವ ಭೂಪಟದಲ್ಲೂ ಇರಲಿಲ್ಲ.

ಗ್ಲೋಬಿನ ಪಕ್ಕದಲ್ಲಿಟ್ಟಿದ್ದ ಆ ಸಸಿಯನ್ನು ಹಿತ್ತಲಲ್ಲಿ ನೆಟ್ಟೆವು. ನೀರು ಹೊತ್ತವನು ನಾನು. ಈಗ ಅದರ ಮೊದಲ ಕಾಯಿಗಳು ಅಟ್ಟದ ಮೇಲಿವೆ. ಮೊನ್ನೆ ರಂಗಪ್ಪ ಹೆಂಚಿನ ಮೇಲೆ ಕೂತು, ಈ ವರ್ಷ ಸಮುದ್ರ ಏನಂತೈತೆ ಮೇಷ್ಟ್ರೇ ಎಂದು ಕೇಳಿದ. ಕೆಳಗೆ ಏಣಿ ಹಿಡಿದು ನಿಂತಿದ್ದ ನಾನು, ಅದು ಏನಾದರೂ ಅನ್ನಲಿ, ಒಲೆಯ ಮೇಲಿನದನ್ನು ಇನ್ನೊಂದು ಸಲ ನೋಡಪ್ಪ ಎಂದೆ.