ಉಪ್ಪು ಬಾವಿಯ ಮಲ್ಲಿಗೆ

ಮಗುವಿನ ನಾಯಿಕೆಮ್ಮು ಎರಡು ತಿಂಗಳಾದರೂ ಬಿಡದಿದ್ದಾಗ ನಾನು ಮುರ್ಡೇಶ್ವರದ ದೇವರಿಗೆ ಹೇಳಿಕೊಂಡೆ: ಕೆಮ್ಮು ಹೋದರೆ ನನ್ನ ಕೈಯಾರೆ ಬೆಳೆದ ಮಲ್ಲಿಗೆಯ ಮಾಲೆಯನ್ನು ವೈಶಾಖದ ಕೊನೆಯ ಸೋಮವಾರ ತಂದು ಒಪ್ಪಿಸುತ್ತೇನೆ. ಎಂಟು ದಿನದಲ್ಲಿ ಕೆಮ್ಮು ಹೋಯಿತು. ದೇವರ ಕಡೆಯ ಕೆಲಸ ಮುಗಿದಿತ್ತು, ನನ್ನದು ಬಾಕಿ.

ಕುಮಟೆಯ ತವರಿನಲ್ಲಿ ಹೂವಿನ ಗಿಡ ನೋಡಿಕೊಳ್ಳುತ್ತಿದ್ದವಳು ನಾನೇ. ಹೊನ್ನಾವರದಲ್ಲಿ ಹೊಳೆಯ ಹತ್ತಿರದ ಈ ಮನೆಗೆ ಬಂದ ಮೇಲೂ ಹಿತ್ತಲ ಮಲ್ಲಿಗೆ ನನ್ನ ಪಾಲಿಗೇ ಬಂತು. ಬೇಸಿಗೆ ಏರಿದಂತೆ ಎಲೆಯ ಅಂಚು ಸುಟ್ಟಂತಾಗತೊಡಗಿತು. ಬಿಸಿಲಿಗೆ ಬಾಯಾರಿರಬೇಕೆಂದು ಎರಡು ಹೊತ್ತು ನೀರು ಹಾಕಿದೆ. ಇನ್ನಷ್ಟು ಸುಟ್ಟಿತು. ಮೂರು ಹೊತ್ತು ಹಾಕಿದೆ, ನಡು ಮಧ್ಯಾಹ್ನವೂ. ಮೊಗ್ಗುಗಳು ಉದುರತೊಡಗಿದವು. ಸೋಮವಾರಕ್ಕೆ ಹದಿನೆಂಟು ದಿನ ಉಳಿದಿತ್ತು.

ಮಾವಿನಕುರ್ವೆಯಿಂದ ಪೇಟೆಗೆ ಮೀನು ಹೊತ್ತು ಬರುವ ಹೆಂಗಸೊಬ್ಬಳು ನಮ್ಮ ಬೇಲಿಯಾಚೆ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ಅವಳು ಗಿಡದ ಬುಡವನ್ನೇ ನೋಡಿದಳು. ಮಣ್ಣಿನ ಮೇಲೆ ಬೆಳ್ಳಗೆ ಏನೋ ಕಟ್ಟಿತ್ತು.

"ಗಿಡನ ಉಪ್ಪಿಗೆ ಹಾಕಿಟ್ರಿ ಅಲಾ, ಅಮ್ಮಾ. ನಾವು ಮೀನಿಗೆ ಮಾಡೂದು ಹೀಗೇಯ."

ಬೇಸಿಗೆಯಲ್ಲಿ ಸಮುದ್ರದ ಭರತಿಯ ನೀರು ಹೊಳೆಯೊಳಗೆ ಏರಿ ಹಿತ್ತಲ ಬಾವಿಗಳೆಲ್ಲ ಉಪ್ಪಾಗುತ್ತವಂತೆ. ಕುಡಿಯುವ, ಅಡುಗೆಯ, ಪಾತ್ರೆ ತೊಳೆಯುವ ನೀರನ್ನೆಲ್ಲ ನಾವು ದೇವಸ್ಥಾನದ ಬಾವಿಯಿಂದ ತರುತ್ತಿದ್ದೆವು. ಮನೆಯ ಬಾವಿಯ ನೀರನ್ನು ನಾನು ಬಾಯಿಗೆ ಹಾಕಿಯೇ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ನನಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಈಗ ಎಂತ ಮಾಡೂದು?" ಎಂದೆ.

"ಹೊಳೆ ಇಳಿದ ಮೇಲೆ ಸೇದಿ. ಮೇಲಿಂದ ಎರಡೇ ಕೊಡ. ಸಿಹಿನೀರು ಮೇಲಿರ್ತದೆ. ಕೊಡ ಆಳಕ್ಕೆ ಬಿಟ್ರೆ ಅಡಿ ಉಪ್ಪೇ ಬರೂದು. ಬುಡಕ್ಕೆ ತೆಂಗಿನ ಸಿಪ್ಪೆ ಕವುಚಿ ಹಾಕಿ, ತಂಪಿರ್ತದೆ. ಮೊದ್ಲು ಆ ಉಪ್ಪು ಮಣ್ಣು ಕೆರೆದು ತೆಗೀರಿ, ಆತಾ?"

ಅವಳು ಹೇಳಿದಂತೆಲ್ಲ ಮಾಡಿದೆ, ಎರಡು ಕೊಡ ಸಾಲಲಿಲ್ಲ. ಪಾತ್ರೆ ತೊಳೆದ ನೀರು ದಿನವೂ ಮೋರಿಗೆ ಹೋಗುತ್ತಿತ್ತು, ಅದು ಸಿಹಿನೀರೇ. ಆದರೆ ಮುಸುರೆ ನೀರು ಕುಡಿದ ಗಿಡದ ಹೂ ದೇವರಿಗೆ ಸಲ್ಲದು ಎಂಬುದು ಅತ್ತೆಯ ಮಾತು, ನನಗೂ ಸರಿಯೆನಿಸಿದ ಮಾತು. ಹಾಗಾದರೆ ಅಕ್ಕಿ ತೊಳೆದ ನೀರು? ಕೇಳಿದೆ. ಅತ್ತೆ ಊಟ ಮುಗಿಯುವವರೆಗೆ ಯೋಚಿಸಿದರು.

"ಅಕ್ಕಿ ಆಗ ಬೆಂದಿದ್ದಿಲ್ಲೆ ಅಲ್ದಾ. ಬೇಯದ್ದು ಮುಸುರೆ ಅಲ್ಲ. ಹಾಕು."

ಅಂದಿನಿಂದ ನಾನು ಅಕ್ಕಿಯನ್ನು ನಾಲ್ಕು ಸಲ ತೊಳೆಯತೊಡಗಿದೆ. ಅನ್ನಕ್ಕೆ ರುಚಿ ಕಡಿಮೆಯಾಯಿತೆಂದು ಮನೆಯವರು ಹೇಳಿದರು. ನಾನು ಕೇಳಿಸಿಕೊಂಡೆ.

ವಾರದ ನಂತರ ಒಂದು ಹಸಿರು ಚಿಗುರು ಕಂಡಿತು. ಆಮೇಲೆ ಸಣ್ಣ ಮೊಗ್ಗುಗಳು. ಕೊನೆಯ ಸೋಮವಾರ ಬೆಳಿಗ್ಗೆ ಎಣಿಸಿ ಕೊಯ್ದೆ: ಇಪ್ಪತ್ಮೂರು. ಬಾಳೆನಾರಿನಲ್ಲಿ ಕಟ್ಟಿದರೆ ಗೇಣುದ್ದ ಆಯಿತು. ಒದ್ದೆ ಬಾಳೆಲೆಯಲ್ಲಿ ಸುತ್ತಿಕೊಂಡು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಮುರ್ಡೇಶ್ವರದ ಭಟ್ಟರು ಎಲೆ ಬಿಚ್ಚಿ ನೋಡಿದರು.

"ಇಷ್ಟೇಯನೇ, ತಂಗೀ?"

"ಉದ್ದ ಇಷ್ಟು ಹೇಳಿ ನಾನು ದೇವ್ರಿಗೆ ಹೇಳ್ಕಂಡಿದ್ನಿಲ್ಲೆ," ಎಂದೆ.

ಅವರು ಒಳಗೆ ಹೋಗಿ ಅದನ್ನು ಲಿಂಗದ ಮೇಲೆ ಇಟ್ಟರು. ಕೆಳಗೆ ಜಾರಲಿಲ್ಲ. ಜಾರುವಷ್ಟು ಉದ್ದವೂ ಇರಲಿಲ್ಲ.